ಔಷಧದಂಗಡಿಯ ಪಕ್ಕದ ಕೋಣೆಯಲ್ಲಿ ವೈದ್ಯರು: ಪರವಾನಗಿ ಯಾರದು, ಹೊಣೆ ಯಾರದು?

ಬಸವಾಪಟ್ಟಣ: ಚನ್ನಗಿರಿ ತಾಲ್ಲೂಕಿನ ಈ ಹೋಬಳಿ ಕೇಂದ್ರದಂತಹ ಊರುಗಳಲ್ಲಿ ಜ್ವರ, ಕೆಮ್ಮು, ಮೈಕೈ ನೋವು ಬಂದವರು ಮೊದಲು ಹತ್ತುವುದು ಆಸ್ಪತ್ರೆಯ ಮೆಟ್ಟಿಲನ್ನಲ್ಲ, ಮೆಡಿಕಲ್ ಶಾಪಿನ ಮೆಟ್ಟಿಲನ್ನು. ಇದು ರಾಜ್ಯದ ಬಹುತೇಕ ಸಣ್ಣ ಊರುಗಳ ಮಾತು. ಅಡಿಕೆ ತೋಟದ ಕೆಲಸ, ಗದ್ದೆಯ ನಾಟಿ ಮುಗಿಸಿ ಸಂಜೆ ಊರು ಸೇರುವ ಹೊತ್ತಿಗೆ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗ ಬಾಗಿಲು ಹಾಕಿರುತ್ತದೆ. ತಾಲ್ಲೂಕು ಕೇಂದ್ರಕ್ಕೋ ದಾವಣಗೆರೆಗೋ ಹೋಗಿ ಬರಲು ಒಂದು ದಿನದ ಕೂಲಿ ಬಿಡಬೇಕು, ಬಸ್ಸಿನ ಖರ್ಚು ಬೇರೆ. ಆದುದರಿಂದಲೇ ಔಷಧದಂಗಡಿಯ ಹಿಂಬದಿಯ ಅಥವಾ ಪಕ್ಕದ ಕೋಣೆಯಲ್ಲಿ ಒಂದು ಮೇಜು, ಒಂದು ಮಂಚ, ಒಂದು ಪರದೆ ಇಟ್ಟುಕೊಂಡು ನಡೆಯುವ ಚಿಕಿತ್ಸೆಗೆ ನಮ್ಮ ನಾಡಿನಲ್ಲಿ ಎಂದೂ ಗಿರಾಕಿಗಳ ಕೊರತೆಯಾಗಿಲ್ಲ.

ಮುಂಗಡ ಸಮಯ ಕೇಳದೆ ನೇರವಾಗಿ ಒಳಹೊಕ್ಕು ಚಿಕಿತ್ಸೆ ಪಡೆಯುವ ಇಂತಹ ಅಂಗಡಿ ಕ್ಲಿನಿಕ್‌ಗಳು ಹಳ್ಳಿಗಷ್ಟೇ ಸೀಮಿತವಲ್ಲ. ನಗರಗಳ ಮಾಲ್‌ಗಳಲ್ಲಿ, ದೊಡ್ಡ ಔಷಧ ಮಳಿಗೆಗಳಲ್ಲಿ, ಕನ್ನಡಕದ ಅಂಗಡಿಗಳಲ್ಲಿ ಇದರ ಹೊಳಪಿನ ರೂಪಗಳಿವೆ. ರೂಪ ಯಾವುದೇ ಇರಲಿ, ಪ್ರಶ್ನೆ ಒಂದೇ. ಈ ಕೋಣೆಗೆ ಅನುಮತಿ ಕೊಡುವವರು ಯಾರು? ಅಲ್ಲಿ ಕುಳಿತವರು ನಿಜಕ್ಕೂ ವೈದ್ಯರೇ ಎಂದು ನೋಡುವವರು ಯಾರು? ಅಲ್ಲಿ ಹಾಕಿದ ಒಂದು ಇಂಜೆಕ್ಷನ್‌ನಿಂದ ಕೈ ಬಾತು ಕೀವಾದರೆ ಉತ್ತರ ಹೇಳಬೇಕಾದವರು ಅಂಗಡಿಯವರೋ, ವೈದ್ಯರೋ? ಕಾನೂನು ಈ ಕುರಿತು ಏನು ಹೇಳುತ್ತದೆ ಎಂಬುದನ್ನು ಬಿಡಿಸಿ ನೋಡುವ ಪ್ರಯತ್ನ ಇಲ್ಲಿದೆ.

ಒಂದೇ ಸೂರು, ಎರಡು ವ್ಯವಹಾರ

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಕರ್ನಾಟಕದಲ್ಲಿ ‘ಅಂಗಡಿಯೊಳಗಿನ ಕ್ಲಿನಿಕ್’ ಎಂಬ ಹೆಸರಿನ ಪ್ರತ್ಯೇಕ ಪರವಾನಗಿ ಇಲ್ಲ. ಕಾನೂನಿನ ದೃಷ್ಟಿಯಲ್ಲಿ ಅಲ್ಲಿ ಎರಡು ಬೇರೆ ಬೇರೆ ವ್ಯವಹಾರಗಳು ನಡೆಯುತ್ತಿವೆ. ಒಂದು, ರೋಗಿಯನ್ನು ಪರೀಕ್ಷಿಸಿ ಚಿಕಿತ್ಸೆ ನೀಡುವುದು. ಇನ್ನೊಂದು, ಔಷಧ ಮಾರುವುದು. ಮೊದಲನೆಯದು ಆರೋಗ್ಯ ಇಲಾಖೆಯ ವ್ಯಾಪ್ತಿಗೆ ಬರುತ್ತದೆ. ಎರಡನೆಯದು ಔಷಧ ನಿಯಂತ್ರಣದ ಅಧಿಕಾರಿಗಳಿಗೆ ಸೇರಿದ್ದು. ಅಂಗಡಿಗೆ ಪರವಾನಗಿ ಇದೆ ಎಂದ ಮಾತ್ರಕ್ಕೆ ಅದರ ಪಕ್ಕದ ಕೋಣೆಯಲ್ಲಿ ಚಿಕಿತ್ಸೆ ನೀಡುವ ಹಕ್ಕು ಬರುವುದಿಲ್ಲ. ಹಾಗೆಯೇ ಕ್ಲಿನಿಕ್‌ಗೆ ನೋಂದಣಿ ಇದೆ ಎಂದು ಅಲ್ಲಿ ಸಾರ್ವಜನಿಕರಿಗೆ ಔಷಧ ಮಾರುವಂತಿಲ್ಲ. ಗೋಡೆಗೆ ತೂಗು ಹಾಕಿದ ಒಂದು ಪ್ರಮಾಣಪತ್ರವನ್ನು ಕಂಡು ಎಲ್ಲವೂ ಸರಿಯಿದೆ ಎಂದು ಜನರು ನಂಬುವುದು ಈ ವ್ಯತ್ಯಾಸ ತಿಳಿಯದೆ.

ಕೋಣೆಗೆ ಬೇಕಾದ ನೋಂದಣಿ

ಖಾಸಗಿ ಚಿಕಿತ್ಸಾಲಯಗಳ ಮೇಲೆ ನಿಗಾ ಇಡುವ ಯತ್ನ ರಾಜ್ಯದಲ್ಲಿ ಹೊಸದೇನಲ್ಲ. 1976ರಲ್ಲಿಯೇ ಖಾಸಗಿ ನರ್ಸಿಂಗ್ ಹೋಂಗಳ ನಿಯಂತ್ರಣ ಕಾಯ್ದೆ ಬಂದಿತ್ತು. ಅದರ ಜಾಗದಲ್ಲಿ 2007ರಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಬಂದಿತು. ಕಚೇರಿಗಳಲ್ಲಿ, ಪತ್ರಿಕೆಗಳಲ್ಲಿ ಇದನ್ನು ‘ಕೆಪಿಎಂಇ’ ಎಂದು ಕರೆಯುವುದು ರೂಢಿ. 2009ರಲ್ಲಿ ಇದರ ನಿಯಮಗಳು ಬಂದವು. ಕೇಂದ್ರ ಸರ್ಕಾರ 2010ರಲ್ಲಿ ಇದೇ ಉದ್ದೇಶಕ್ಕೆ ಬೇರೊಂದು ಕಾಯ್ದೆಯನ್ನು ತಂದಿತಾದರೂ, ಕರ್ನಾಟಕ ತನ್ನದೇ ಕಾಯ್ದೆಯನ್ನು ಉಳಿಸಿಕೊಂಡಿದೆ.

ಈ ಕಾಯ್ದೆ ಹಾಸಿಗೆಗಳಿರುವ ಆಸ್ಪತ್ರೆಗಳಿಗಷ್ಟೇ ಅನ್ವಯವಾಗುತ್ತದೆ ಎಂಬುದು ಸಾಮಾನ್ಯ ತಪ್ಪು ಕಲ್ಪನೆ. ಒಬ್ಬರೇ ವೈದ್ಯರು ಕುಳಿತು ಚೀಟಿ ಬರೆಯುವ ಕೋಣೆಯೂ, ರಕ್ತ ಪರೀಕ್ಷೆಯ ಪ್ರಯೋಗಾಲಯವೂ, ದಂತ ಚಿಕಿತ್ಸಾಲಯವೂ ಇದರಡಿ ನೋಂದಣಿಯಾಗಲೇಬೇಕು. ನೋಂದಣಿಯ ಅವಧಿ ಐದು ವರ್ಷ. ಒಂದೇ ಮಾಲೀಕರು ಎರಡು ಊರುಗಳಲ್ಲಿ ಕ್ಲಿನಿಕ್ ನಡೆಸಿದರೆ ಪ್ರತಿಯೊಂದಕ್ಕೂ ನೋಂದಣಿ ಬೇಕು. ದಾವಣಗೆರೆಯಲ್ಲಿ ನೋಂದಣಿ ಇರುವ ವೈದ್ಯರು ವಾರಕ್ಕೆರಡು ಸಂಜೆ ಹೋಬಳಿ ಊರಿನ ಔಷಧದಂಗಡಿಯಲ್ಲಿ ಕುಳಿತರೆ, ದಾವಣಗೆರೆಯ ಪ್ರಮಾಣಪತ್ರ ಇಲ್ಲಿ ಕೆಲಸಕ್ಕೆ ಬಾರದು. ಈ ಅಂಶ ‘ಭೇಟಿ ನೀಡುವ ವೈದ್ಯರ’ ಫಲಕ ಹಾಕಿಕೊಂಡಿರುವ ಅನೇಕ ಕಡೆ ಮರೆತುಹೋಗಿರುತ್ತದೆ.

ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಹಾಗೂ ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ. ಜಿಲ್ಲಾ ಆರೋಗ್ಯಾಧಿಕಾರಿಗಳು ಇದರ ಸದಸ್ಯ ಕಾರ್ಯದರ್ಶಿ. ದೂರು ಆಲಿಸುವ ಹೊಣೆ ಇದಕ್ಕೆ ಸೇರಿದ್ದು 2017ರ ತಿದ್ದುಪಡಿಯಿಂದ. ಆ ವರ್ಷದ ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು, ರಾಜ್ಯದಾದ್ಯಂತ ಹೊರರೋಗಿ ಸೇವೆ ಸ್ಥಗಿತಗೊಂಡು ಜನರು ಪರದಾಡಿದ್ದು ಓದುಗರಿಗೆ ನೆನಪಿರಬಹುದು. ಮುಷ್ಕರದ ನಂತರ ಸಡಿಲಗೊಂಡ ರೂಪದಲ್ಲಿ ಮಸೂದೆ ಅಂಗೀಕಾರವಾಯಿತು. ರೋಗಿಗಳ ಹಕ್ಕುಗಳ ಸನ್ನದು, ದರಪಟ್ಟಿಯ ಪ್ರದರ್ಶನ, ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆ ತಡೆಯಬಾರದೆಂಬ ಕಟ್ಟಳೆ ಆಗ ಕಾಯ್ದೆಯಲ್ಲಿ ಗಟ್ಟಿಯಾದವು. ಗದ್ದಲವೆಲ್ಲ ನಡೆದದ್ದು ದೊಡ್ಡ ಆಸ್ಪತ್ರೆಗಳ ದರದ ಸುತ್ತ. ಮೆಡಿಕಲ್ ಶಾಪಿನ ಪಕ್ಕದ ಕೋಣೆಯ ಬಗ್ಗೆ ಆ ದಿನಗಳಲ್ಲಿ ಮಾತಾಡಿದವರು ವಿರಳ.

2024ರಲ್ಲಿ ಆರೋಗ್ಯ ಇಲಾಖೆ ಇನ್ನೊಂದು ಹೆಜ್ಜೆ ಇಟ್ಟಿತು. ಪ್ರತಿ ಖಾಸಗಿ ಚಿಕಿತ್ಸಾಲಯದ ಮುಂದೆ ಕೆಪಿಎಂಇ ನೋಂದಣಿ ಸಂಖ್ಯೆ, ಸಂಸ್ಥೆಯ ಹೆಸರು, ಮಾಲೀಕರ ಹೆಸರು ಇರುವ ಫಲಕ ಕಡ್ಡಾಯವೆಂದು ಸೂಚಿಸಿತು. ಅಲೋಪತಿಗೆ ತಿಳಿನೀಲಿ, ಆಯುರ್ವೇದಕ್ಕೆ ಹಸಿರು ಹೀಗೆ ಬಣ್ಣದಿಂದಲೇ ಪದ್ಧತಿಯನ್ನು ಗುರುತಿಸುವ ವ್ಯವಸ್ಥೆಯನ್ನೂ ಮಾಡಿತು. ನಕಲಿ ವೈದ್ಯರ ಹಾವಳಿ ತಡೆಯುವುದು ಇದರ ಉದ್ದೇಶ. ಓದು ಬಾರದವರಿಗೂ ಬಣ್ಣ ತಿಳಿಯುತ್ತದೆಂಬ ಕಾರಣಕ್ಕೆ ಇದು ಉಪಯುಕ್ತ ಕ್ರಮವೇ ಸರಿ. ನೋಂದಣಿ ಇಲ್ಲದೆ ಚಿಕಿತ್ಸಾಲಯ ನಡೆಸುವುದು ಜೈಲು ಹಾಗೂ ದಂಡಕ್ಕೆ ಗುರಿಯಾಗುವ ಅಪರಾಧ.

ಅಂಗಡಿಗೆ ಬೇಕಾದ ಪರವಾನಗಿ

ಔಷಧ ಮಾರಾಟ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ ಹಾಗೂ 1945ರ ನಿಯಮಗಳಿಗೆ ಒಳಪಟ್ಟಿದೆ. ಚಿಲ್ಲರೆ ಅಂಗಡಿಗೆ ಸಾಮಾನ್ಯವಾಗಿ ನಮೂನೆ 20 ಮತ್ತು 21ರಲ್ಲಿ ಪರವಾನಗಿ ನೀಡಲಾಗುತ್ತದೆ. ಮಳಿಗೆಯ ವಿಸ್ತೀರ್ಣ ಕನಿಷ್ಠ 10 ಚದರ ಮೀಟರ್ ಇರಬೇಕು. ಶೀತದಲ್ಲಿಡಬೇಕಾದ ಔಷಧಗಳಿಗೆ ಫ್ರಿಜ್ ಬೇಕು. 2017ರ ತಿದ್ದುಪಡಿಯ ಬಳಿಕ ಪರವಾನಗಿಯನ್ನು ಹಿಂದಿನಂತೆ ನವೀಕರಿಸಬೇಕಿಲ್ಲ. ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿದರೆ, ಅಮಾನತು ಅಥವಾ ರದ್ದಾಗದ ಹೊರತು ಅದು ಮುಂದುವರಿಯುತ್ತದೆ.

ಈ ನಿಯಮಗಳ ತಿರುಳು ಇರುವುದು ಫಾರ್ಮಸಿಸ್ಟ್ ವಿಷಯದಲ್ಲಿ. ವೈದ್ಯರ ಚೀಟಿಗೆ ಔಷಧ ಕೊಡುವುದು ನೋಂದಾಯಿತ ಫಾರ್ಮಸಿಸ್ಟ್‌ರಿಂದ ಅಥವಾ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಮಾತ್ರ ನಡೆಯಬೇಕು. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಕೂಡ ಇದನ್ನೇ ಹೇಳುತ್ತದೆ. ಆದರೆ ಪ್ರಮಾಣಪತ್ರ ಒಬ್ಬರದು, ಅಂಗಡಿಯಲ್ಲಿ ನಿಂತವರು ಇನ್ನೊಬ್ಬರು ಎಂಬ ದೂರು ಎಲ್ಲ ಜಿಲ್ಲೆಗಳಲ್ಲಿಯೂ ಹಳೆಯದು. ಬಾಡಿಗೆಗೆ ಬಂದದ್ದು ಪ್ರಮಾಣಪತ್ರವೇ ಹೊರತು ಪರಿಣತಿಯಲ್ಲ.

ಚೀಟಿ ಇಲ್ಲದೆ ಕೊಡಬಾರದ ಔಷಧಗಳನ್ನು ಅನುಸೂಚಿ ‘ಎಚ್’ನಲ್ಲಿ ಪಟ್ಟಿ ಮಾಡಲಾಗಿದೆ. ಹೆಚ್ಚಿನ ಆಂಟಿಬಯೋಟಿಕ್‌ಗಳು ಈ ಪಟ್ಟಿಯಲ್ಲಿವೆ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ‘ಎಚ್1’ ಅನುಸೂಚಿಯಲ್ಲಿ ಆರಂಭದಲ್ಲಿ 46 ಔಷಧಗಳಿದ್ದವು. ಕ್ಷಯರೋಗದ ಔಷಧಗಳು, ಪ್ರಬಲ ಆಂಟಿಬಯೋಟಿಕ್‌ಗಳು, ಆಲ್ಪ್ರಜೋಲಮ್‌ನಂತಹ ಮಾತ್ರೆಗಳು ಇದಕ್ಕೆ ಸೇರುತ್ತವೆ. ಇವನ್ನು ಮಾರಿದಾಗ ವೈದ್ಯರ ಮತ್ತು ರೋಗಿಯ ಹೆಸರು, ಔಷಧದ ಹೆಸರು, ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದನ್ನು ಚೀಟಿ ಇಲ್ಲದೆ ಕೊಳ್ಳಬಾರದು ಎಂದು ಕೇಂದ್ರ ಸರ್ಕಾರ 2016ರಿಂದ ಪ್ರಚಾರ ಮಾಡಿದೆ.

ಒಂದು ವಿನಾಯಿತಿಯೂ ಇದೆ. ಒಂದು ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಹಳ್ಳಿಗಳಲ್ಲಿ ಪ್ಯಾರಾಸಿಟಮಾಲ್‌ನಂತಹ ಕೆಲವು ಮನೆಮದ್ದಿನ ಔಷಧಗಳನ್ನು ಷರತ್ತುಗಳೊಂದಿಗೆ ಪರವಾನಗಿ ಇಲ್ಲದೆಯೂ ಮಾರಬಹುದು. ಕಿರಾಣಿ ಅಂಗಡಿಯಲ್ಲಿ ತಲೆನೋವಿನ ಮಾತ್ರೆ ಸಿಗುವುದಕ್ಕೆ ಹಳ್ಳಿಗಳ ಮಟ್ಟಿಗೆ ಇರುವ ಆಧಾರ ಇದು. ಹೋಬಳಿ ಕೇಂದ್ರಗಳಿಗೆ, ಪಟ್ಟಣಗಳಿಗೆ ಈ ವಿನಾಯಿತಿ ಅನ್ವಯಿಸದು. ಇಂಜೆಕ್ಷನ್ ಹಾಕುವುದಕ್ಕಂತೂ ಅಂಗಡಿಯ ಯಾವ ಪರವಾನಗಿಯೂ ಅನುಮತಿ ನೀಡುವುದಿಲ್ಲ.

ವೈದ್ಯರೇ ಔಷಧ ಮಾರಬಹುದೇ?

ಇದಕ್ಕೆ ಉತ್ತರ ಸ್ವಲ್ಪ ಸೂಕ್ಷ್ಮವಾದದ್ದು. ನೋಂದಾಯಿತ ವೈದ್ಯರು ತಮ್ಮದೇ ರೋಗಿಗೆ ಔಷಧ ಕೊಟ್ಟರೆ ಅದಕ್ಕೆ ಮಾರಾಟದ ಪರವಾನಗಿ ಬೇಕಿಲ್ಲ ಎಂದು 1945ರ ನಿಯಮಗಳ ಅನುಸೂಚಿ ‘ಕೆ’ ಹೇಳುತ್ತದೆ. ಆದರೆ ಆ ವೈದ್ಯರು ತೆರೆದ ಅಂಗಡಿ ಇಟ್ಟಿರಬಾರದು, ಕೌಂಟರ್‌ನಲ್ಲಿ ಬಂದವರಿಗೆಲ್ಲ ಮಾರಬಾರದು. ಹಳೆಯ ತಲೆಮಾರಿನ ವೈದ್ಯರು ಕಾಂಪೌಂಡರ್ ಕೈಯಲ್ಲಿ ಮಿಕ್ಸ್‌ಚರ್ ಕೊಡಿಸುತ್ತಿದ್ದದ್ದು ಈ ಚೌಕಟ್ಟಿನೊಳಗಿನ ವ್ಯವಹಾರ.

ವೈದ್ಯರ ವೃತ್ತಿ ನೀತಿಯನ್ನು ನಿರ್ದೇಶಿಸುವುದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ. ಇದರ ಬದಲಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊಸ ನಿಯಮಾವಳಿ ಹೊರಡಿಸಿತ್ತು. ಅದೇ ತಿಂಗಳಲ್ಲಿಯೇ ಅದನ್ನು ತಡೆಹಿಡಿದು 2002ರದ್ದನ್ನೇ ಮುಂದುವರಿಸಿತು. ಅದರ ಪ್ರಕಾರ ವೈದ್ಯರು ಬೇರೆ ವೈದ್ಯರ ಚೀಟಿಗೆ ಔಷಧ ಮಾರುವ ಅಂಗಡಿ ನಡೆಸಬಾರದು. ರೋಗಿಯನ್ನು ಕಳಿಸಿದ್ದಕ್ಕಾಗಿ ಯಾರಿಂದಲೂ ಕಮಿಷನ್ ಪಡೆಯಬಾರದು, ಕೊಡಲೂಬಾರದು. ನೋಂದಣಿ ಸಂಖ್ಯೆಯನ್ನು ಕ್ಲಿನಿಕ್‌ನಲ್ಲಿಯೂ ಚೀಟಿಯ ಮೇಲೂ ಕಾಣಿಸಬೇಕು.

ಇದೇ ನಿಯಮಾವಳಿಯಲ್ಲಿ ಹೆಚ್ಚಿನವರು ಗಮನಿಸದ ಒಂದು ವಾಕ್ಯವಿದೆ. ವೈದ್ಯರು ತಮ್ಮ ನಾಮಫಲಕವನ್ನು ಔಷಧದಂಗಡಿಯ ಮೇಲೆ, ಅಥವಾ ತಾವು ವಾಸಿಸದ, ಕೆಲಸ ಮಾಡದ ಜಾಗದಲ್ಲಿ ತೂಗು ಹಾಕುವುದು ಅನುಚಿತ ಎಂದು ಅದು ಹೇಳುತ್ತದೆ. ನಮ್ಮ ಪೇಟೆಬೀದಿಗಳಲ್ಲಿ ನಡೆದು ನೋಡಿದರೆ ಈ ವಾಕ್ಯದ ಆಯುಷ್ಯ ಎಷ್ಟೆಂಬುದು ಯಾರಿಗಾದರೂ ತಿಳಿಯುತ್ತದೆ.

ಕುರ್ಚಿಯಲ್ಲಿ ಕುಳಿತವರು ಯಾರು?

ಕಟ್ಟಡ, ಫಲಕ, ಫ್ರಿಜ್ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಅಲೋಪತಿ ಚಿಕಿತ್ಸೆ ನೀಡಲು ರಾಜ್ಯ ಅಥವಾ ರಾಷ್ಟ್ರೀಯ ವೈದ್ಯಕೀಯ ನೋಂದಣಿ ಪುಸ್ತಕದಲ್ಲಿ ಹೆಸರಿರಬೇಕು. ಇಲ್ಲದವರು ವೃತ್ತಿ ನಡೆಸಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಒಂದು ಪದ್ಧತಿ ಕಲಿತವರು ಇನ್ನೊಂದು ಪದ್ಧತಿಯ ಔಷಧ ಕೊಡುವ ವಿಷಯದಲ್ಲಿ ಸುಪ್ರೀಂ ಕೋರ್ಟ್ 1996ರ ಪೂನಂ ವರ್ಮಾ ಪ್ರಕರಣದಲ್ಲಿ ಕಠಿಣ ಮಾತು ಹೇಳಿತು. ಹೋಮಿಯೋಪತಿ ಕಲಿತ ವೈದ್ಯರು ಅಲೋಪತಿ ಔಷಧ ನೀಡಿ ರೋಗಿ ಮೃತಪಟ್ಟ ಪ್ರಕರಣ ಅದು. ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ನೀಡುವುದೇ ನಿರ್ಲಕ್ಷ್ಯ ಎಂದು ನ್ಯಾಯಾಲಯ ತೀರ್ಪಿತ್ತಿತು. ಆಯುರ್ವೇದ, ಹೋಮಿಯೋಪತಿ ವೈದ್ಯರನ್ನು ನಕಲಿ ಎನ್ನುವುದು ಇದರ ಅರ್ಥವಲ್ಲ. ತಮ್ಮ ಪದ್ಧತಿಯಲ್ಲಿ ಅವರು ನೋಂದಾಯಿತರೇ. ಅದರಾಚೆಗೆ ಅಲೋಪತಿ ಔಷಧ ಕೊಡಬೇಕಾದರೆ ರಾಜ್ಯ ಸರ್ಕಾರದ ಆದೇಶದ ಬಲ ಬೇಕು ಎಂಬುದು 1998ರ ಮುಖ್ತಿಯಾರ್ ಚಂದ್ ತೀರ್ಪಿನ ಸಾರ. ನಿಜವಾದ ನಕಲಿಗಳು ಯಾವ ಪದ್ಧತಿಯನ್ನೂ ಕಲಿಯದೆ, ಒಂದಷ್ಟು ಕಾಲ ಯಾರದೋ ಕ್ಲಿನಿಕ್‌ನಲ್ಲಿ ಸಹಾಯಕರಾಗಿದ್ದು, ಬಳಿಕ ತಾವೇ ಮೇಜು ಹಾಕಿದವರು.

ಇದರಲ್ಲಿ ಪ್ರಾಣದ ಪ್ರಶ್ನೆ ಹೇಗೆ ಅಡಗಿದೆ ಎಂಬುದಕ್ಕೆ ಡೆಂಗಿ ಒಂದು ಉದಾಹರಣೆ. ಜ್ವರ ಡೆಂಗಿಯೋ ಅಲ್ಲವೋ ತಿಳಿಯುವ ಮುನ್ನವೇ ಡೈಕ್ಲೋಫೆನಾಕ್‌ನಂತಹ ನೋವಿನ ಇಂಜೆಕ್ಷನ್ ಹಾಕಿದರೆ ರೋಗಿಗೆ ಸಂಜೆಗೆ ಹಗುರವೆನಿಸುತ್ತದೆ. ರಕ್ತದ ಪ್ಲೇಟ್‌ಲೆಟ್ ಕುಸಿಯುವ ರೋಗದಲ್ಲಿ ಆ ಔಷಧ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆಯ ಬದಲು ಒಂದರ ಮೇಲೊಂದು ಆಂಟಿಬಯೋಟಿಕ್ ಕೊಟ್ಟರೆ ಕ್ಷಯ ಮರೆಯಾಗಿ, ಪತ್ತೆಯಾಗುವ ಹೊತ್ತಿಗೆ ಮನೆಮಂದಿಗೆಲ್ಲ ತಗುಲಿರುತ್ತದೆ. ಕ್ಷಯರೋಗದ ಮಾಹಿತಿ ನೀಡುವುದು 2012ರಿಂದ ವೈದ್ಯರಿಗೂ, 2018ರಿಂದ ಔಷಧದಂಗಡಿಗಳಿಗೂ ಕಡ್ಡಾಯ. ಪುಸ್ತಕವನ್ನೇ ಇಡದ ಕೋಣೆಯಿಂದ ಯಾವ ಮಾಹಿತಿ ಹೊರಬರಲು ಸಾಧ್ಯ?

ಪರದೆಯ ಮೇಲಿನ ವೈದ್ಯರು

ಅಂಗಡಿಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟು ದೂರದ ವೈದ್ಯರೊಂದಿಗೆ ಮಾತಾಡಿಸುವ ವ್ಯವಸ್ಥೆಗೆ ಕಾನೂನಿನ ಮಾನ್ಯತೆ ದೊರೆತದ್ದು 2020ರ ಮಾರ್ಚ್ 25ರ ದೂರವೈದ್ಯಕೀಯ ಮಾರ್ಗಸೂಚಿಯಿಂದ. ಕೋವಿಡ್ ಲಾಕ್‌ಡೌನ್ ಆರಂಭವಾದ ದಿನವೇ ಅದು ಹೊರಬಂದಿತು. ನೋಂದಾಯಿತ ವೈದ್ಯರು ಮಾತ್ರ ಇದರಡಿ ಸಲಹೆ ನೀಡಬಹುದು. ಔಷಧಗಳನ್ನು ಪಟ್ಟಿಗಳಾಗಿ ವಿಂಗಡಿಸಲಾಗಿದ್ದು, ಕೆಲವನ್ನು ಮೊದಲ ಬಾರಿಗೆ ಬರೆಯಬೇಕಾದರೆ ವಿಡಿಯೋ ಮೂಲಕ ರೋಗಿಯನ್ನು ನೋಡಲೇಬೇಕು. ಮಾದಕ ಗುಣದ ಔಷಧಗಳನ್ನು ಈ ಮಾರ್ಗದಲ್ಲಿ ಬರೆಯುವಂತಿಲ್ಲ. ದೂರದ ಹೋಬಳಿಗೆ ತಜ್ಞರ ಸಲಹೆ ತಲುಪಿಸಲು ಇದು ಒಳ್ಳೆಯ ದಾರಿಯೇ. ಆದರೆ ಪರದೆಯ ಮುಂದೆ ರೋಗಿಯನ್ನು ಕೂರಿಸಿದ ಅಂಗಡಿಯವರೇ ಆ ಚೀಟಿಯ ಔಷಧವನ್ನೂ ಮಾರುವಾಗ, ಸಲಹೆ ಯಾರ ಹಿತಕ್ಕೆ ಎಂಬ ಪ್ರಶ್ನೆ ಏಳದಿರದು.

ಸೂಜಿ, ರಕ್ತ ಮತ್ತು ಕಸ

ಒಂದೇ ಒಂದು ಇಂಜೆಕ್ಷನ್ ಹಾಕುವ ಕ್ಲಿನಿಕ್ ಆದರೂ 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳಿಗೆ ಒಳಪಡುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕಾರ ಪತ್ರ ಪಡೆಯಬೇಕು. ಹಾಸಿಗೆಗಳಿಲ್ಲದ ಕ್ಲಿನಿಕ್‌ಗಳು ಇದನ್ನು ಒಮ್ಮೆ ಪಡೆದರೆ ಸಾಕು. ಬಳಸಿದ ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ರಕ್ತ ಸೋಕಿದ ಹತ್ತಿ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ನಳಿಕೆಗಳು ಕೆಂಪು ಚೀಲಕ್ಕೆ ಹೋಗಬೇಕು. ಸಂಸ್ಕರಿಸದ ತ್ಯಾಜ್ಯವನ್ನು ಸಾಮಾನ್ಯವಾಗಿ 48 ತಾಸಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಂಗಡಿಯ ಹಿಂದಿನ ತಿಪ್ಪೆಯಲ್ಲಿ ಸಿರಿಂಜ್ ಕಂಡರೆ ಅದು ಕೇವಲ ಸ್ವಚ್ಛತೆಯ ಲೋಪವಲ್ಲ. ಆ ಕೋಣೆಯ ಉಳಿದ ದಾಖಲೆಗಳೂ ಹೇಗಿರಬಹುದೆಂಬುದರ ಸುಳಿವು.

ಸಕ್ಕರೆ ಪರೀಕ್ಷೆ, ರಕ್ತದೊತ್ತಡ ನೋಡುವುದು ಈಗ ಅನೇಕ ಅಂಗಡಿಗಳಲ್ಲಿ ಸಾಮಾನ್ಯ. ಗಿರಾಕಿಯು ತನ್ನ ಯಂತ್ರದಲ್ಲಿ ತಾನೇ ನೋಡಿಕೊಳ್ಳುವುದು ಬೇರೆ. ಹಣ ಪಡೆದು ರಕ್ತದ ಮಾದರಿ ಸಂಗ್ರಹಿಸಿ ವರದಿ ನೀಡುವುದು ಬೇರೆ. ಎರಡನೆಯದು ಪ್ರಯೋಗಾಲಯದ ಕೆಲಸವಾಗಿದ್ದು, ಕೆಪಿಎಂಇ ವ್ಯಾಪ್ತಿಗೆ ಬರುತ್ತದೆ.

ಕನ್ನಡಕದ ಅಂಗಡಿಯೂ ಇದೇ ಸಾಲಿನಲ್ಲಿ

ಚಿಲ್ಲರೆ ಮಳಿಗೆಯಲ್ಲಿ ಆರೋಗ್ಯ ಸೇವೆ ಎಂದರೆ ನಮ್ಮಲ್ಲಿ ಅತ್ಯಂತ ಹಳೆಯ ಉದಾಹರಣೆ ಕನ್ನಡಕದ ಅಂಗಡಿ. ‘ಕಣ್ಣಿನ ಪರೀಕ್ಷೆ ಉಚಿತ’ ಎಂಬ ಫಲಕ ಕಾಣದ ಪೇಟೆಯಿಲ್ಲ. ಅಲ್ಲಿ ಪರೀಕ್ಷಿಸುವ ಆಪ್ಟೊಮೆಟ್ರಿಸ್ಟ್‌ಗಳನ್ನು 2021ರ ಪೂರಕ ಹಾಗೂ ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯ ವ್ಯಾಪ್ತಿಗೆ ತರಲಾಗಿದೆ. ಶ್ರವಣ ಸಾಧನ ಅಂಗಡಿಗಳ ಆಡಿಯಾಲಜಿಸ್ಟ್‌ಗಳಿಗೆ 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯಡಿ ನೋಂದಣಿ ಇದೆ. ಕನ್ನಡಕದ ನಂಬರ್ ನೋಡುವುದು ಒಂದು, ಕಣ್ಣಿನ ಒತ್ತಡದ ರೋಗ ಪತ್ತೆ ಹಚ್ಚುವುದು ಇನ್ನೊಂದು. ಉಚಿತ ಪರೀಕ್ಷೆಯ ಖರ್ಚು ಕನ್ನಡಕದ ಬೆಲೆಯಲ್ಲಿ ಸೇರಿರುತ್ತದೆ ಎಂಬುದನ್ನು ಗಿರಾಕಿ ಮರೆಯಬಾರದು.

ಹೊರದೇಶಗಳು ಏನು ಮಾಡಿವೆ?

ಅಂಗಡಿ ಕ್ಲಿನಿಕ್‌ಗಳನ್ನು ವ್ಯವಸ್ಥಿತ ಉದ್ಯಮವಾಗಿ ಬೆಳೆಸಿದ್ದು ಅಮೆರಿಕ. 2000ದಲ್ಲಿ ಮಿನೆಸೋಟ ರಾಜ್ಯದ ದಿನಸಿ ಮಳಿಗೆಗಳಲ್ಲಿ ‘ಕ್ವಿಕ್‌ಮೆಡ್ಎಕ್ಸ್’ ಹೆಸರಿನಲ್ಲಿ ಆರಂಭವಾದ ಸಂಸ್ಥೆ ಮುಂದೆ ‘ಮಿನಿಟ್‌ಕ್ಲಿನಿಕ್’ ಆಯಿತು. 2006ರಲ್ಲಿ ಸಿವಿಎಸ್ ಎಂಬ ಔಷಧ ಮಳಿಗೆಗಳ ಬೃಹತ್ ಕಂಪನಿ ಅದನ್ನು ಕೊಂಡುಕೊಂಡಿತು. ಅಲ್ಲಿ ಹೆಚ್ಚಾಗಿ ಚಿಕಿತ್ಸೆ ನೀಡುವವರು ವೈದ್ಯರಲ್ಲ, ಉನ್ನತ ತರಬೇತಿ ಪಡೆದ, ಚೀಟಿ ಬರೆಯುವ ಅಧಿಕಾರವುಳ್ಳ ದಾದಿಯರು. ಔಷಧ ಮಾರುವವರೇ ಕ್ಲಿನಿಕ್ ನಡೆಸಿದರೆ ಹಿತಾಸಕ್ತಿಯ ಸಂಘರ್ಷವಾಗದೇ ಎಂದು ಅಮೆರಿಕದ ವೈದ್ಯರ ಸಂಘ 2007ರಲ್ಲಿ ತನಿಖೆಗೆ ಒತ್ತಾಯಿಸಿತ್ತು.

ಮ್ಯಾಸಚೂಸೆಟ್ಸ್ ರಾಜ್ಯ 2008ರ ಜನವರಿಯಲ್ಲಿ ಇವುಗಳಿಗಾಗಿಯೇ ‘ಸೀಮಿತ ಸೇವೆಯ ಕ್ಲಿನಿಕ್’ ಎಂಬ ಪ್ರತ್ಯೇಕ ವರ್ಗವನ್ನು ರಚಿಸಿತು. ಯಾವ ಯಾವ ತೊಂದರೆಗೆ ಚಿಕಿತ್ಸೆ ನೀಡುತ್ತೇವೆ ಎಂಬ ಪಟ್ಟಿ ಮೊದಲೇ ಘೋಷಿಸಬೇಕು, ಎರಡು ವರ್ಷದೊಳಗಿನ ಮಕ್ಕಳನ್ನು ನೋಡಬಾರದು, ಪದೇ ಪದೇ ಬರುವ ರೋಗಿಯನ್ನು ಕಾಯಂ ವೈದ್ಯರ ಬಳಿಗೆ ಕಳಿಸಬೇಕು ಎಂಬ ಷರತ್ತುಗಳನ್ನು ವಿಧಿಸಿತು. ಇಂಗ್ಲೆಂಡ್ 2024ರ ಜನವರಿ 31ರಿಂದ ಏಳು ಸಾಮಾನ್ಯ ತೊಂದರೆಗಳಿಗೆ ಔಷಧದಂಗಡಿಯ ಫಾರ್ಮಸಿಸ್ಟ್‌ರೇ ಚಿಕಿತ್ಸೆ ನೀಡುವ ಯೋಜನೆ ತಂದಿದೆ. ಇತ್ತ ವಾಲ್‌ಮಾರ್ಟ್ ಕಂಪನಿ 2019ರಲ್ಲಿ ಆರಂಭಿಸಿದ ತನ್ನ ಆರೋಗ್ಯ ಕೇಂದ್ರಗಳು ಲಾಭ ತರಲಿಲ್ಲವೆಂದು 51ನ್ನೂ ಮುಚ್ಚುವುದಾಗಿ 2024ರ ಏಪ್ರಿಲ್‌ನಲ್ಲಿ ಘೋಷಿಸಿತು. ಅಂಗಡಿಯ ಲೆಕ್ಕದಲ್ಲಿ ನಡೆಯುವ ಕ್ಲಿನಿಕ್ ಅಂಗಡಿಯ ಲೆಕ್ಕದಲ್ಲಿಯೇ ಮುಚ್ಚುತ್ತದೆ ಎಂಬುದು ಇದರಿಂದ ಕಲಿಯಬೇಕಾದ ಪಾಠ.

ನಮ್ಮಲ್ಲಿಯೂ ಸೀಮಿತ ಅಧಿಕಾರದ ಚಿಕಿತ್ಸಕರ ಕಲ್ಪನೆ ಇಲ್ಲವೆಂದಿಲ್ಲ. 2019ರ ಕಾಯ್ದೆಯ 32ನೇ ಕಲಂ ‘ಸಮುದಾಯ ಆರೋಗ್ಯ ಸೇವಾದಾರ’ರಿಗೆ ಸೀಮಿತ ಪರವಾನಗಿ ನೀಡಲು ಅವಕಾಶ ಕಲ್ಪಿಸಿದೆ. ಉಪಕೇಂದ್ರಗಳಿಂದ ಮೇಲ್ದರ್ಜೆಗೇರಿದ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿಗಳಿದ್ದಾರೆ. ನಗರಗಳಿಗಾಗಿ ರಾಜ್ಯ ಸರ್ಕಾರ 2022ರ ಡಿಸೆಂಬರ್‌ನಲ್ಲಿ 114 ‘ನಮ್ಮ ಕ್ಲಿನಿಕ್’ಗಳಿಗೆ ಚಾಲನೆ ನೀಡಿತು. ಇವು ಸರ್ಕಾರಿ ವ್ಯವಸ್ಥೆಗಳು. ಇಲ್ಲಿ ಚಿಕಿತ್ಸೆ ಕೊಡುವವರಿಗೆ ಔಷಧ ಮಾರಿ ಲಾಭ ಗಳಿಸುವ ಆಸೆ ಇಲ್ಲ.

ಲೋಪ ಇರುವುದೆಲ್ಲಿ?

ಕಾಯ್ದೆಗಳ ಕೊರತೆ ನಮ್ಮನ್ನು ಬಾಧಿಸುತ್ತಿಲ್ಲ. ಕೋಣೆಯನ್ನು ಜಿಲ್ಲಾ ಆರೋಗ್ಯಾಧಿಕಾರಿ ನೋಡುತ್ತಾರೆ. ಅಂಗಡಿಯನ್ನು ಔಷಧ ಪರಿವೀಕ್ಷಕರು ನೋಡುತ್ತಾರೆ. ವೈದ್ಯರ ನಡತೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಫಾರ್ಮಸಿಸ್ಟ್ ನಡತೆ ಫಾರ್ಮಸಿ ಪರಿಷತ್ತಿಗೆ, ಕಸ ಮಾಲಿನ್ಯ ಮಂಡಳಿಗೆ. ಹೀಗೆ ಐದು ಜೋಡಿ ಕಣ್ಣುಗಳಿದ್ದರೂ ಕೋಣೆಗೂ ಅಂಗಡಿಗೂ ನಡುವಿನ ಬಾಗಿಲನ್ನು ನೋಡುವುದು ಯಾರ ಕೆಲಸವೂ ಆಗಿಲ್ಲ. ಕೋಣೆಯ ಬಾಡಿಗೆ ಎಷ್ಟು, ಕೊಡುವವರು ಯಾರು, ಬಾಡಿಗೆ ಇಲ್ಲದಿದ್ದರೆ ಅದಕ್ಕೆ ಪ್ರತಿಯಾಗಿ ಸಲ್ಲುವುದೇನು ಎಂಬುದು ಯಾವ ಅರ್ಜಿಯಲ್ಲಿಯೂ ಮುಖ್ಯ ಪ್ರಶ್ನೆಯಲ್ಲ. ಚೀಟಿಯಲ್ಲಿ ಒಂದು ಔಷಧದ ಜಾಗದಲ್ಲಿ ನಾಲ್ಕು ಸೇರುವುದು ಆ ಬಾಗಿಲಿನಲ್ಲಿ.

ಹಾಗೆಂದು ದಿಢೀರ್ ದಾಳಿ ನಡೆಸಿ ಕೋಣೆಗಳಿಗೆಲ್ಲ ಬೀಗ ಜಡಿದರೆ ಸಮಸ್ಯೆ ಬಗೆಹರಿಯುತ್ತದೆಯೇ? ನೋಂದಣಿ ಇರುವ ಪ್ರಾಮಾಣಿಕ ವೈದ್ಯರು ಅಂಗಡಿಯ ಪಕ್ಕದಲ್ಲಿ ಕೂರುವುದನ್ನು ಕಾನೂನು ನಿಷೇಧಿಸಿಲ್ಲ. ಎಷ್ಟೋ ಊರುಗಳಲ್ಲಿ ಸಂಜೆಯ ಹೊತ್ತು ಲಭ್ಯವಿರುವ ಏಕೈಕ ವೈದ್ಯರು ಅವರೇ. ನಕಲಿಯವರ ಕೋಣೆ ಮುಚ್ಚಿದ ಊರಿನಲ್ಲಿ ಮರುದಿನ ಜ್ವರ ಬಂದ ಮಗುವನ್ನು ಎಲ್ಲಿಗೆ ಒಯ್ಯಬೇಕು ಎಂಬುದಕ್ಕೆ ಸರ್ಕಾರದ ಬಳಿ ಉತ್ತರವಿರಬೇಕು. ದಾಳಿಯ ಜೊತೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಂಜೆ ಪಾಳಿಯೂ ಬಾರದಿದ್ದರೆ, ಬೀಗ ಹಾಕಿದ ಕೋಣೆ ಇನ್ನೊಂದು ಬೀದಿಯಲ್ಲಿ ತೆರೆಯುತ್ತದೆ.

ಆದುದರಿಂದ ಮಾಡಬಹುದಾದ ಕೆಲಸಗಳು ಸ್ಪಷ್ಟವಾಗಿವೆ. ಅಂಗಡಿಗೆ ಹೊಂದಿಕೊಂಡ ಕ್ಲಿನಿಕ್‌ಗಳನ್ನು ಕೆಪಿಎಂಇ ನಿಯಮಗಳಲ್ಲಿ ಪ್ರತ್ಯೇಕವಾಗಿ ಗುರುತಿಸಬೇಕು. ಆರೋಗ್ಯಾಧಿಕಾರಿಗಳು ಮತ್ತು ಔಷಧ ಪರಿವೀಕ್ಷಕರು ಅವುಗಳನ್ನು ಜಂಟಿಯಾಗಿ ಪರಿಶೀಲಿಸಬೇಕು. ಬಾಡಿಗೆ ಕರಾರನ್ನು ಅರ್ಜಿಯೊಂದಿಗೆ ಸಲ್ಲಿಸುವಂತಾಗಬೇಕು. ಔಷಧವನ್ನು ಎಲ್ಲಿ ಬೇಕಾದರೂ ಕೊಳ್ಳಬಹುದು ಎಂಬ ಫಲಕ ಕನ್ನಡದಲ್ಲಿ ಕಾಣುವಂತಿರಬೇಕು. ಇಂತಿಷ್ಟು ದಿನದಲ್ಲಿ ಗುಣವಾಗದ ಜ್ವರ, ಕೆಮ್ಮನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸುವುದು ಕಡ್ಡಾಯವಾಗಬೇಕು.

ನಾಗರಿಕರು ನೋಡಬೇಕಾದುದೇನು?

ಅಲ್ಲಿಯವರೆಗೆ ಓದುಗರು ತಾವೇ ಕೆಲವು ಸಂಗತಿಗಳನ್ನು ಗಮನಿಸಬಹುದು.

* ಕೋಣೆಯ ಮುಂದೆ ಕೆಪಿಎಂಇ ನೋಂದಣಿ ಸಂಖ್ಯೆಯ ಫಲಕ ಇದೆಯೇ? ವಿಳಾಸ ಇದೇ ಜಾಗದ್ದೇ?
* ಚೀಟಿಯ ಮೇಲೆ ವೈದ್ಯರ ಹೆಸರು, ಪದವಿ, ನೋಂದಣಿ ಸಂಖ್ಯೆ ಇದೆಯೇ? ಆ ಸಂಖ್ಯೆಯನ್ನು ವೈದ್ಯಕೀಯ ಪರಿಷತ್ತಿನ ಅಂತರ್ಜಾಲ ತಾಣದಲ್ಲಿ ಪರಿಶೀಲಿಸಬಹುದು.
* ಚೀಟಿಯೇ ಕೊಡದೆ ಮಾತ್ರೆಗಳನ್ನು ಕತ್ತರಿಸಿ ಪೊಟ್ಟಣ ಕಟ್ಟಿದರೆ, ಏನು ನುಂಗುತ್ತಿದ್ದೇವೆಂಬುದು ಮುಂದಿನ ವೈದ್ಯರಿಗೂ ತಿಳಿಯದು. ಚೀಟಿ ಕೇಳಿ ಪಡೆಯಿರಿ.
* ಇಂಜೆಕ್ಷನ್ ಹಾಕುವ ಮುನ್ನ ಔಷಧದ ಹೆಸರು ಕೇಳಿರಿ. ಸಿರಿಂಜ್ ಕಣ್ಣೆದುರೇ ಹೊಸ ಪೊಟ್ಟಣದಿಂದ ತೆಗೆಯುವಂತಿರಲಿ.
* ಔಷಧಕ್ಕೆ ಬಿಲ್ ಪಡೆಯಿರಿ. ನಾಳೆ ದೂರು ನೀಡಬೇಕಾದರೆ ಮುಖ್ಯ ಸಾಕ್ಷಿ ಅದೇ.
* ಚೀಟಿಯ ಔಷಧವನ್ನು ಅದೇ ಅಂಗಡಿಯಲ್ಲಿ ಕೊಳ್ಳಬೇಕೆಂಬ ಕಟ್ಟಳೆ ಇಲ್ಲ.

ದೂರುಗಳನ್ನು ಚಿಕಿತ್ಸೆಯ ವಿಷಯದಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ, ಔಷಧದ ವಿಷಯದಲ್ಲಿ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಸಲ್ಲಿಸಬಹುದು. ಹಣ ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪು ನೀಡಿದೆ. ಆದುದರಿಂದ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ಆದರೆ ಆಯೋಗದ ಮುಂದೆ ನಿಲ್ಲಲು ಕೈಯಲ್ಲಿ ಕಾಗದವಿರಬೇಕು. ಚೀಟಿ ಇಲ್ಲ, ಬಿಲ್ ಇಲ್ಲ, ವೈದ್ಯರ ಪೂರ್ಣ ಹೆಸರೂ ಗೊತ್ತಿಲ್ಲ ಎಂಬ ಸ್ಥಿತಿಯಲ್ಲಿ ಯಾವ ಕಾನೂನೂ ನೆರವಿಗೆ ಬರಲಾರದು. ಅಂಗಡಿಯವರು ನಮಗೆ ಸಂಬಂಧವಿಲ್ಲ ಎನ್ನುತ್ತಾರೆ, ಕುರ್ಚಿಯಲ್ಲಿದ್ದವರು ಊರು ಬಿಟ್ಟಿರುತ್ತಾರೆ.

ದಾವಣಗೆರೆ ಜಿಲ್ಲೆಯಲ್ಲಿ ವೈದ್ಯಕೀಯ ಕಾಲೇಜುಗಳಿವೆ, ದೊಡ್ಡ ಆಸ್ಪತ್ರೆಗಳಿವೆ. ಅವುಗಳಲ್ಲಿ ಕಲಿತ ವೈದ್ಯರು ಸಂಜೆ ಆರರ ಮೇಲೆ ಹೋಬಳಿ ಊರಿನಲ್ಲಿ ಸಿಗುವಂತಾಗುವವರೆಗೆ ಔಷಧದಂಗಡಿಯ ಪಕ್ಕದ ಕೋಣೆಯ ದೀಪ ಆರುವುದಿಲ್ಲ. ಆ ದೀಪದ ಕೆಳಗೆ ಕುಳಿತವರ ಹೆಸರು ಮತ್ತು ನೋಂದಣಿ ಸಂಖ್ಯೆ ಬಾಗಿಲ ಮೇಲೆ ಕಾಣುವಂತಿರಬೇಕು ಎಂಬುದಷ್ಟೇ ಕಾನೂನಿನ ಮೊದಲ ಬೇಡಿಕೆ. ಅದನ್ನು ಕೇಳಿ ತಿಳಿಯುವ ಹಕ್ಕು ಬಾಗಿಲು ದಾಟುವ ಪ್ರತಿಯೊಬ್ಬರಿಗೂ ಇದೆ.